ದಾಸವಾಳದ ಬಿಳಿ ಅಂಚು ನಿಂತದ್ದು ಹೇಗೆ: ನನ್ನ ಅನುಭವ

ನಾಟಿ ಕೆಂಪು ದಾಸವಾಳದಲ್ಲಿ ಒಂದೇ ಒಂದು ಟೊಂಗೆ ಅರ್ಧ ಬಿಳಿ, ಅರ್ಧ ಹಸಿರು ಎಲೆ ಬಿಟ್ಟಿತ್ತು. ನೋಡಿದವರು ಹೇಳಿದ್ದು ಎರಡೇ ಮಾತು. ಒಂದು, ಅದು ರೋಗ, ಕತ್ತರಿಸಿ ಸುಟ್ಟುಬಿಡಿ. ಇನ್ನೊಂದು, ಮೂರು ತಿಂಗಳು ಬಿಟ್ಟರೆ ತಾನೇ ಹಸಿರಾಗುತ್ತೆ, ಅದರ ಹಿಂದೆ ಬೀಳಬೇಡಿ. ಆ ಬಿಳುಪನ್ನು ಗಿಡದಲ್ಲಿ ನಿಲ್ಲಿಸಲು ಹೆಚ್ಚುಕಡಿಮೆ ನಾಲ್ಕು ವರ್ಷ ಹಿಡಿಯಿತು. ನಾಲ್ಕನೇ ಸುತ್ತಿನ ಕಸಿ ಗಿಡಗಳು ಈಗ ಒಂದೂವರೆ ವರ್ಷದಿಂದ ಎಲೆ ಎಲೆಗೂ ಬಿಳಿ ಅಂಚು ಇಟ್ಟುಕೊಂಡೇ ಬೆಳೆಯುತ್ತಿವೆ. ಕಸಿ ಕಟ್ಟಿ ಅಭ್ಯಾಸ ಇರುವವರಿಗೆ ಬರೆಯುತ್ತಿದ್ದೇನೆ, ಚಾಕು ಹಿಡಿಯುವುದನ್ನು ಇಲ್ಲಿ ವಿವರಿಸುವುದಿಲ್ಲ.

ಮೊದಲು ಬಿಳುಪು ಎಲ್ಲಿಂದ ಬಂತು ಅನ್ನುವುದು ಇತ್ಯರ್ಥವಾಗಬೇಕು. ಬೆಂಗಳೂರಿನ ಸುತ್ತಮುತ್ತಲ ಬೋರ್ ನೀರಿನಲ್ಲಿ ಬೆಳೆದ ದಾಸವಾಳಕ್ಕೆ ಕಬ್ಬಿಣದ ಕೊರತೆ ಸಾಮಾನ್ಯ. ಚಿಗುರೆಲೆ ಬಿಳಿಚಿಕೊಳ್ಳುತ್ತದೆ, ನರಗಳು ಮಾತ್ರ ಹಸಿರಾಗಿ ಬಲೆಯ ಹಾಗೆ ಉಳಿಯುತ್ತವೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಒಂದು ಎಲೆಯ ಅರ್ಧಕ್ಕೆ ಮಾತ್ರ ಬ್ರಷ್‌ನಲ್ಲಿ ಬಳಿಯಿರಿ. ಎಂಟು ಹತ್ತು ದಿನದಲ್ಲಿ ಬಳಿದ ಕಡೆ ಹಸಿರೇರಿದರೆ ಅದು ಕೊರತೆ, ಬೇರೆ ಪರೀಕ್ಷೆ ಬೇಡ. ಹಳೆಯ ಎಲೆಯಲ್ಲಿ ಹಳದಿ ಶುರುವಾದರೆ ಮೆಗ್ನೀಸಿಯಂ ಕಡೆ ನೋಡಿ. ಸೂಜಿ ಚುಚ್ಚಿದಂಥ ಸಣ್ಣ ಚುಕ್ಕೆಗಳಿದ್ದರೆ ಎಲೆ ತಿರುಗಿಸಿ, ನುಸಿ ಇರುತ್ತದೆ. ಪಕ್ಕದಲ್ಲಿ ಯಾರಾದರೂ ಗ್ಲೈಫೋಸೇಟ್ ಕಳೆನಾಶಕ ಹೊಡೆದಿದ್ದರೆ ಅದರ ಹನಿ ತಾಗಿದ ಗಿಡದ ಚಿಗುರು ಸಣಕಲಾಗಿ ಬಿಳಿಚಿ ಬರುತ್ತದೆ. ತಾಗಿದ್ದು ಅಲ್ಪವಾಗಿದ್ದರೆ ಮುಂದಿನ ಚಿಗುರುಗಳಲ್ಲಿ ಸರಿಹೋಗುತ್ತದೆ.

ವೈರಸ್ ಇದೆಯೋ ಇಲ್ಲವೋ ಅನ್ನುವುದೇ ದೊಡ್ಡ ತಲೆನೋವು. ವೈರಸ್‌ನ ಹಳದಿಗೆ ಅಂಚು ಸ್ಪಷ್ಟ ಇರುವುದಿಲ್ಲ, ಮಸುಕಾಗಿ ಹರಡಿರುತ್ತದೆ, ಎಲೆ ಸುಕ್ಕುಗಟ್ಟಿರುತ್ತದೆ. ಬಿಳಿನೊಣ ತರುವ ಮುದುಡು ರೋಗವಾದರೆ ಎಲೆಯಡಿ ನರಗಳು ದಪ್ಪಗಾಗಿ ಎದ್ದು ಕಾಣುತ್ತವೆ. ಕೈಮೆರಾ, ಅಂದರೆ ಒಂದೇ ಗಿಡದಲ್ಲಿ ಬಿಳಿ, ಹಸಿರು ಎರಡು ಥರದ ಜೀವಕೋಶ ಸೇರಿಕೊಂಡದ್ದು ಆದರೆ ಬಿಳಿ ಹಸಿರಿನ ನಡುವಿನ ಗೆರೆ ಬ್ಲೇಡಿನಲ್ಲಿ ಕೊಯ್ದಷ್ಟು ಚೂಪು. ಕಣ್ಣಿನ ಅಂದಾಜು ಮಾತ್ರ ಸಾಲದು, ಯಾಕೆಂದರೆ ಕೆಲವು ವೈರಸ್ ಚಿತ್ತಾರಗಳು ಬಹಳ ಅಂದವಾಗಿಯೇ ಇರುತ್ತವೆ. ಅಬುಟಿಲಾನ್ ಗಿಡದ ಹಳದಿ ಮಚ್ಚೆಯ ತಳಿಯನ್ನು ನೂರೈವತ್ತು ವರ್ಷದಿಂದ ಅಲಂಕಾರಕ್ಕೆಂದೇ ಬೆಳೆಸುತ್ತಾರೆ, ಅದು ವೈರಸ್ಸೇ. ಅದರ ಕಡ್ಡಿಯನ್ನು ಹಸಿರು ಗಿಡಕ್ಕೆ ಕಸಿ ಮಾಡಿದರೆ ಹಸಿರು ಗಿಡಕ್ಕೂ ಹತ್ತುತ್ತದೆ. ನನ್ನ ಪರೀಕ್ಷೆಯೂ ಅದೇ ಕಸಿ. ಮೊದಲ ಮೂರು ಕಡ್ಡಿಗಳನ್ನು ಬೇರೆ ಬೇರೆ ಹಸಿರು ಗಿಡಕ್ಕೆ ಕಟ್ಟಿ, ಆ ಗಿಡದ ಸ್ವಂತ ಚಿಗುರನ್ನು ಮೂರು ತಿಂಗಳು ಗಮನಿಸಿದೆ. ಒಂದು ಎಲೆಯಲ್ಲೂ ಮಚ್ಚೆ ಬರಲಿಲ್ಲ. ಸುಟ್ಟುಬಿಡಿ ಅಂದವರಿಗೆ ಅಲ್ಲಿಗೆ ಉತ್ತರ ಸಿಕ್ಕಿತು.

ಇನ್ನು ಸೋತ ಲೆಕ್ಕ. ಎಲ್ಲಕ್ಕಿಂತ ಬೆಳ್ಳಗಿದ್ದ ರೆಂಬೆಗಳನ್ನೇ ಆರಿಸಿ ಇಪ್ಪತ್ತು ಚಿಲ್ಲರೆ ಕಡ್ಡಿ ಕೋಕೋಪೀಟ್ ಮರಳಿನಲ್ಲಿ ಊರಿದ್ದು ಶುದ್ಧ ತಪ್ಪು. ಬೇರು ಬಂದದ್ದು ಎರಡಕ್ಕೆ, ಅವೂ ಆರು ವಾರಕ್ಕೆ ಕಪ್ಪಾದವು. ಹಸಿರಿಲ್ಲದ ಕಡ್ಡಿ ಕಾಂಡದಲ್ಲಿ ಕೂಡಿಟ್ಟದ್ದನ್ನು ತಿಂದು ಮುಗಿಸುತ್ತದೆ, ಆಮೇಲೆ ತಾನೇ ಅಡುಗೆ ಮಾಡಿಕೊಳ್ಳಲು ಏನೂ ಇಲ್ಲ. ಎರಡನೆಯದು ಗೂಟಿ, ಅಂದರೆ ಕೊಂಬೆ ಗಿಡದಲ್ಲೇ ಇರುವಾಗ ಬೇರು ಬರಿಸುವುದು. ಬೆರಳು ಗಾತ್ರದ ಐದು ಕೊಂಬೆಗೆ ಪಾಚಿ ಕಟ್ಟಿದೆ, ಐದಕ್ಕೂ ಬೇರು ಚೆನ್ನಾಗಿ ಬಂತು. ನಾಲ್ಕು ತಿಂಗಳಿಗೆ ಐದೂ ಹಸಿರು! ಬಿಳಿ ಪಟ್ಟೆ ಕಾಂಡದ ಒಂದು ಪಕ್ಕಕ್ಕೆ ಮಾತ್ರ ಇತ್ತು, ಉಳಿದ ಮುಕ್ಕಾಲು ಭಾಗದ ಕಣ್ಣುಗಳೆಲ್ಲ (ಚಿಗುರೊಡೆಯುವ ಮೊಗ್ಗುಗಳು) ಹಸಿರು, ಅವು ಮೇಲೆ ನುಗ್ಗಿ ಪಟ್ಟೆಯನ್ನು ಮುಚ್ಚಿಹಾಕಿದವು. ಆ ವರ್ಷ ಸುಮಾರು ನಾಲ್ಕೈದು ಸಾವಿರ ರೂಪಾಯಿ ಮಣ್ಣುಪಾಲು.

ಇದರಿಂದ ಅರ್ಥವಾದದ್ದು, ಚೆಂದದ ಎಲೆ ನೋಡಿ ಕಡ್ಡಿ ಆರಿಸಬಾರದು, ಕಣ್ಣು ನೋಡಿ ಆರಿಸಬೇಕು. ಎಳೆಯ ರೆಂಬೆಯನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದರೆ ಸಿಪ್ಪೆಯ ಮೇಲೆ ಕೆನೆ ಬಣ್ಣದ ಒಂದು ಗೆರೆ ಗೆಣ್ಣಿನಿಂದ ಗೆಣ್ಣಿಗೆ ಏರುವುದು ಕಾಣುತ್ತದೆ. ಗೆರೆಯ ನಡುಮಧ್ಯೆ ಕೂತ ಕಣ್ಣು ಪೂರಾ ಬಿಳಿ ಚಿಗುರು ಕೊಡುತ್ತದೆ, ಸಾಯುತ್ತದೆ. ಗೆರೆಯಿಂದ ಆಚೆ ಇರುವುದು ಹಸಿರೇ. ನಮಗೆ ಬೇಕಾದದ್ದು ಗೆರೆಯ ಅಂಚಿನ ಮೇಲೆ ಕೂತ ಕಣ್ಣು. ಗುರುತು ಸುಲಭ: ಆ ಗೆಣ್ಣಿನ ಎಲೆಯಲ್ಲಿ ಬಿಳಿ ಹಸಿರಿನ ಗಡಿ ನಡುನರದ ಮೇಲೆಯೇ ಹಾದಿರುತ್ತದೆ. ಒಂದು ರೆಂಬೆಯಲ್ಲಿ ಅಂಥ ಕಣ್ಣು ಎರಡೋ ಮೂರೋ, ಅಷ್ಟೇ. ಅದರ ಮೇಲಿನ ತುದಿ ಚಿವುಟಿ, ಉಳಿದ ಕಣ್ಣುಗಳನ್ನು ಉಗುರಿನಲ್ಲಿ ಕೆರೆದು ತೆಗೆದು, ಇದೊಂದೇ ಒಡೆಯುವಂತೆ ಮಾಡಬೇಕು. ಒಡೆದ ಚಿಗುರಿನಲ್ಲಿ ಮತ್ತೆ ಅದೇ ಹುಡುಕಾಟ. ಎಲೆಯ ಸುತ್ತಲೂ ಬಿಳಿ ಅಂಚು, ನಡುವೆ ಹಸಿರು, ಸಾಲಾಗಿ ಎಂಟು ಹತ್ತು ಎಲೆ ಒಂದೇ ಥರ ಬಂದರೆ ಬಿಳುಪು ಕಾಂಡದ ಸುತ್ತಲೂ ಒಂದು ಪದರವಾಗಿ ಆವರಿಸಿದೆ ಎಂದರ್ಥ. ಅಲ್ಲಿಂದ ಮುಂದೆ ಯಾವ ಕಣ್ಣು ತೆಗೆದರೂ ಹೆಚ್ಚುಕಡಿಮೆ ಅದೇ ಬರುತ್ತದೆ.

ಕಸಿಗೆ ಪೆನ್ಸಿಲ್ ದಪ್ಪದ, ಏಳೆಂಟು ತಿಂಗಳ ನಾಟಿ ಕೆಂಪು ಬೇರುಸಸಿ (ಕಡ್ಡಿಯನ್ನು ಕಟ್ಟುವ ಬುಡದ ಗಿಡ). ಎರಡು ಗೆಣ್ಣಿನ ಕಡ್ಡಿ, ಒಂದಂಗುಲದ ಬೆಣೆ, ಸೀಳು ಕಸಿ. ದಾಸವಾಳದ ಲೋಳೆಯಿಂದ ಬೆಣೆ ಜಾರುತ್ತದೆ, ಪ್ರತಿ ಕೊಯ್ತಕ್ಕೂ ಬ್ಲೇಡ್ ಒರೆಸಿ, ಕೊಯ್ದು ಅರ್ಧ ನಿಮಿಷದೊಳಗೆ ಪಟ್ಟಿ ಸುತ್ತಿ. ಮೇಲೆ ಐಸ್ ಕ್ಯಾಂಡಿ ಕವರ್ ಮುಚ್ಚಿ ಕೆಳಗೆ ಕಟ್ಟಿ. ಚಿಗುರು ಹದಿನೈದರಿಂದ ಇಪ್ಪತ್ತು ದಿನಕ್ಕೆ. ಕವರನ್ನು ಸಂಜೆ ಹೊತ್ತು ಸಡಿಲಿಸಿ, ಮೂರು ನಾಲ್ಕು ದಿನ ಬಿಟ್ಟು ತೆಗೆಯಿರಿ. ಫೆಬ್ರವರಿ ಮಾರ್ಚ್‌ನಲ್ಲಿ ಕಟ್ಟಿದ್ದು ಚೆನ್ನಾಗಿ ಕೂತಿದೆ. ಜುಲೈನಲ್ಲಿ ಕಟ್ಟಿದ ಒಂದು ಸಾಲು ಕವರ್ ಒಳಗೆ ನೀರಿಳಿದು ಪೂರ್ತಿ ಕೊಳೆಯಿತು.

ಅನುಮಾನ ಪಟ್ಟವರೆಲ್ಲ ತಕರಾರು ತೆಗೆದದ್ದು ಇಲ್ಲಿ. ಕಸಿ ಕೂತ ಕೂಡಲೇ ಬೇರುಸಸಿಯ ಚಿಗುರನ್ನೆಲ್ಲ ಮುರಿಯಬೇಕು ಅಂತಲೇ ಎಲ್ಲರೂ ಕಲಿತಿದ್ದೇವೆ. ನಾನು ಮುರಿಯಲಿಲ್ಲ. ಕಸಿಯ ಕೆಳಗೆ ಒಂದೇ ಒಂದು ಹಸಿರು ಚಿಗುರು ಬಿಟ್ಟು, ನಾಲ್ಕು ಎಲೆಗೆ ಚಿವುಟಿ, ಮೂರು ತಿಂಗಳು ಹಾಗೇ ಇಟ್ಟೆ. ಬಿಳಿ ಹೆಚ್ಚಿರುವ ಕಡ್ಡಿಗೆ ಅದೇ ಸಾಕುತಾಯಿ. ಚಿಗುರು ಬಿಡದೆ ಕಟ್ಟಿದ ಮೊದಲ ಸುತ್ತಿನ 24ರಲ್ಲಿ ಉಳಿದದ್ದು 9, ಬಿಟ್ಟು ಕಟ್ಟಿದ ಎರಡನೇ ಸುತ್ತಿನ ಮೂವತ್ತರಲ್ಲಿ 22 ಇರಬೇಕು. ವಾರಕ್ಕೊಮ್ಮೆ ಚಿವುಟದಿದ್ದರೆ ಮಾತ್ರ ಸಾಕುತಾಯಿಯೇ ಮನೆ ಯಜಮಾನಿ ಆಗಿಬಿಡುತ್ತಾಳೆ. ವೈರಸ್ ಪರೀಕ್ಷೆಯೂ ಈ ಚಿಗುರಿನಲ್ಲೇ ಖರ್ಚಿಲ್ಲದೆ ನಡೆಯುತ್ತದೆ, ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ. ಕಡ್ಡಿ ಕೊಯ್ಯುವ ಹತ್ತು ದಿನ ಮೊದಲು ತಾಯಿಗಿಡಕ್ಕೆ ಮಾಡುವ ಒಂದು ಕೆಲಸ ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಂಚು ನಿಂತ ಮೇಲೆ ಮಾಮೂಲಿ ಕಡ್ಡಿಯಿಂದಲೂ ಸಸಿ ಮಾಡಬಹುದು, ಆದರೆ ಬೇರಿನಿಂದ ಎದ್ದ ಮರಿಯಿಂದ ಮಾಡಬೇಡಿ, ಅದು ಹಸಿರೇ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ತುಂಡು ಊರಿ ಹಸಿರು ಗಿಡ ಪಡೆದು ನಿರಾಶರಾದವರಿಗೆ ಇದು ಗೊತ್ತು. ಅಲ್ಲೂ ಹೊಸ ಮೊಳಕೆ ಒಳಗಿನ ಹಸಿರು ಪದರದಿಂದ ಹುಟ್ಟುತ್ತದೆ, ಅಂಚು ಬೇಕಿದ್ದರೆ ಗಡ್ಡೆಯನ್ನೇ ಪಾಲು ಮಾಡಬೇಕು.

ಬೀಜದಿಂದ ಬರುತ್ತದೆಯೇ ಅಂತ ಕೇಳುವವರು ಬಹಳ. ನಾಟಿ ಕೆಂಪಿನಲ್ಲಿ ಬೀಜ ಕಟ್ಟುವುದೇ ಅಪರೂಪ, ಹಾಗಾಗಿ ಮಚ್ಚೆ ಎಲೆಯ ಸಂಜೆಮಲ್ಲಿಗೆಯಲ್ಲಿ ನೋಡಿದೆ. ಬಿಳುಪು ಬೀಜದ ಸಸಿಗೆ ಹೇಗೆ ಇಳಿಯುತ್ತದೆ ಅಂತ ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ 1909ರಲ್ಲಿ ಲೆಕ್ಕ ಇಟ್ಟದ್ದು ಇದೇ ಗಿಡದಲ್ಲಿ. ಬಿಳಿ ರೆಂಬೆ, ಹಸಿರು ರೆಂಬೆ, ಬೆರಕೆ ರೆಂಬೆಯ ಹೂಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಮೆಣಸಿನಕಾಳಿನಂಥ ಬೀಜ ಆರಿಸಿ ಬಿತ್ತಿದೆ. ಬಿಳಿ ರೆಂಬೆಯ ಹದಿನೈದಿಪ್ಪತ್ತು ಬೀಜ ಅಚ್ಚ ಬಿಳಿಯಾಗಿ ಮೊಳೆತು ಎರಡು ವಾರಕ್ಕೆ ಬಾಗಿದವು. ಹಸಿರಿನದು ಎಲ್ಲ ಹಸಿರು. ಬೆರಕೆಯಲ್ಲಿ ಮೂರೂ ಥರ. ಪರಾಗ ಯಾವ ರೆಂಬೆಯದಾದರೂ ವ್ಯತ್ಯಾಸ ಇಲ್ಲ, ಎಲ್ಲ ತಾಯಿಯ ಕಡೆಯದು.

ವೇರಿಗೇಟೆಡ್ (ಎಲೆಯಲ್ಲಿ ಬೇರೆ ಬಣ್ಣ ಬೆರೆತದ್ದು) ಅಂತ ಫೋಟೊ ನೋಡಿ ಗಿಡ ತರಿಸುವವರು ಒಂದು ವಿಷಯ ತಿಳಿದಿರಲಿ. ಪಿಂಕ್ ಕಾಂಗೋ ಫಿಲೊಡೆಂಡ್ರಾನ್‌ನ ಗುಲಾಬಿ ಬಣ್ಣ ರಾಸಾಯನಿಕ ಕೊಟ್ಟು ಬರಿಸಿದ್ದು, ಕೆಲವು ತಿಂಗಳಲ್ಲಿ ಹೊಸ ಎಲೆ ಹಸಿರಾಗಿಯೇ ಬರುತ್ತದೆ. ಸಾವಿರದೈನೂರು ರೂಪಾಯಿ ಕೊಟ್ಟು ಅದನ್ನು ಕಲಿತೆ.

ಆರೈಕೆಗೆ 50 ಪರ್ಸೆಂಟ್ ನೆರಳು ಬಲೆ, ಬೆಳಗಿನ ಬಿಸಿಲು. ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ಬಿಳಿ ಅಂಚು ಒಂದೇ ದಿನದಲ್ಲಿ ಕಂದಾಗಿ ಸುಡುತ್ತದೆ. 75ರ ಬಲೆ ಹಾಕಿದರೆ ಹಸಿರು ಚಿಗುರು ನುಗ್ಗುವುದು ಹೆಚ್ಚು. ಯೂರಿಯಾ ಕೊಟ್ಟ ಸಾಲಿನಲ್ಲೂ ಹಾಗೇ ಆಯಿತು, ಈಗ ಎರೆಗೊಬ್ಬರ ಮಾತ್ರ, ತಿಂಗಳಿಗೊಮ್ಮೆ ಹೆಸರಘಟ್ಟದ ಐಐಎಚ್‌ಆರ್‌ನ (ತೋಟಗಾರಿಕೆ ಸಂಶೋಧನಾ ಸಂಸ್ಥೆ) ತರಕಾರಿ ಸ್ಪೆಷಲ್ ಅನ್ನುವ ಲಘು ಪೋಷಕಾಂಶದ ಪುಡಿ ಲೀಟರಿಗೆ 2 ಗ್ರಾಂ, ಜೊತೆಗೆ ನಿಂಬೆರಸ, ಚೂರು ಶಾಂಪೂ. ಹಿಟ್ಟುತಿಗಣೆ ಈ ಮೆತ್ತಗಿನ ಬಿಳಿ ಚಿಗುರನ್ನೇ ಮೊದಲು ಹುಡುಕಿ ಬರುತ್ತದೆ, ಬೇವಿನೆಣ್ಣೆ ತಪ್ಪಿಸುವಂತಿಲ್ಲ.

ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಆಸುಪಾಸು, ಅದರಲ್ಲಿ ಬೇರುಸಸಿ ಮತ್ತು ಬಲೆಯದೇ ದೊಡ್ಡ ಪಾಲು. ನಾಲ್ಕನೇ ಸುತ್ತಿನಲ್ಲಿ ಕಟ್ಟಿದ್ದು ನಲವತ್ತು, ಕೂತದ್ದು 31, ಅಂಚು ಸಮನಾಗಿ ಬಂದದ್ದು 29. ಹನ್ನೆರಡನ್ನು ತಾಯಿಗಿಡವಾಗಿ ಇಟ್ಟುಕೊಂಡು ಉಳಿದದ್ದನ್ನು ನಾನೂರರಂತೆ ಕೊಟ್ಟೆ. ಅಸಲು ಇನ್ನೂ ಪೂರ್ತಿ ಬಂದಿಲ್ಲ, ಮುಂದಿನ ಸುತ್ತಿನಲ್ಲಿ ದಾಟುತ್ತದೆ. ಹೂವು ಅದೇ ಕೆಂಪು, ಗಾತ್ರ ಸ್ವಲ್ಪ ಚಿಕ್ಕದು. ವರ್ಷಕ್ಕೆ ಒಂದೆರಡು ಹಸಿರು ರೆಂಬೆ ಈಗಲೂ ಎದ್ದೇ ಏಳುತ್ತವೆ, ಅವನ್ನು ಬುಡಸಮೇತ ತೆಗೆಯುತ್ತೇನೆ. ತೆಗೆದ ಕಡ್ಡಿಗಳನ್ನು ಅದೇ ದಿನ ಕವರಿಗೆ ಊರಿದರೆ ಮುಂದಿನ ವರ್ಷದ ಬೇರುಸಸಿಗೆ ದುಡ್ಡು ಕೊಡುವುದು ತಪ್ಪುತ್ತದೆ.