ಕಡಿವಾಣದ ಹಿತ್ತಾಳೆ ಬಿಲ್ಲೆ: ನಾನು ಶುಚಿ ಮಾಡೋದು ಹೀಗೆ

ಹಳೇ ಬ್ರಿಟಿಷ್ ಅಶ್ವದಳದ ಕಡಿವಾಣಗಳಲ್ಲಿ ಕುದುರೆಯ ಬಾಯಿಯ ಎರಡೂ ಬದಿಗೆ ಒಂದೊಂದು ಹಿತ್ತಾಳೆ ಬಿಲ್ಲೆ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಬಾಸ್ ಅಂತಾರೆ. ಬಾಯೊಳಗಿನ ಸರಳು ಪಕ್ಕದ ಪಟ್ಟಿಗೆ ಸೇರುವ ಜಾಗವನ್ನು ಮುಚ್ಚುವುದು ಇದರ ಕೆಲಸ. ಉಳಿದದ್ದೆಲ್ಲ ಶೋಕಿ. 17ನೇ ಲ್ಯಾನ್ಸರ್ಸ್ ಅನ್ನೋ ಅಶ್ವದಳದವರ ಬಿಲ್ಲೆ ಮೇಲಂತೂ ತಲೆಬುರುಡೆ ಚಿತ್ರ!

ನಾನಿರುವ ಇಂಗ್ಲೆಂಡಿನ ವಾಲ್ಸಾಲ್ ಊರು ಜೀನು, ಕಡಿವಾಣಗಳ ಕಸುಬಿಗೇ ಹೆಸರುವಾಸಿ. ಇಲ್ಲಿನ ಫುಟ್‌ಬಾಲ್ ತಂಡವನ್ನೂ ಸ್ಯಾಡ್ಲರ್ಸ್ (ಜೀನು ಮಾಡುವವರು) ಅಂತಲೇ ಕರೆಯುತ್ತಾರೆ. ಹಳೇ ಸಾಮಾನಿನ ಸಂತೆಯಲ್ಲಿ ಬಿಲ್ಲೆ ಕಣ್ಣಿಗೆ ಬಿದ್ದರೆ ನಾನು ಮೊದಲು ತಿರುಗಿಸಿ ಬೆನ್ನು ನೋಡುತ್ತೇನೆ. ಅಚ್ಚೊತ್ತಿ ಮಾಡಿದ್ದರೆ ಮುಂದಿನ ಚಿತ್ರ ಹಿಂದೆ ಗುಳಿಯಾಗಿ ಕಾಣುತ್ತದೆ. ಎರಕದ್ದಾದರೆ ಬೆನ್ನು ಗಟ್ಟಿ, ತೂಕ ಜಾಸ್ತಿ. ಆಮೇಲೆ ನೋಡುವುದು ಬಿಲ್ಲೆಯನ್ನು ಕಡಿವಾಣಕ್ಕೆ ಕೂರಿಸುವ ಅಂಚಿನ ಕಿವಿಗಳ ತೂತು. ನಿಜವಾಗಿ ಕುದುರೆ ಮೇಲೆ ಓಡಾಡಿದ್ದರೆ ತೂತಿನ ಅಂಚು ಒಂದು ಕಡೆ ಸವೆದು ಮೊಟ್ಟೆಯಾಕಾರ ಆಗಿರುತ್ತದೆ. ಚಿತ್ರ ಮಸುಕಾಗಿದ್ದೂ ತೂತು ಮಾತ್ರ ಹೊಸದಾಗಿ ಗುಂಡಗಿದ್ದರೆ ನಾನು ವಾಪಸ್ ಇಟ್ಟುಬಿಡುತ್ತೇನೆ.

ಕಾಲ ಹೇಳುವುದು ಅಕ್ಷರ. ವಿಆರ್ ಅಂತಿದ್ದರೆ ವಿಕ್ಟೋರಿಯಾ ರಾಣಿಯದ್ದು, ಅಂದರೆ 1837ರಿಂದ 1901ರೊಳಗೆ.

ಊರಿಂದ ಬಂದವರೆಲ್ಲ ಕೇಳುವುದು ಒಂದೇ: ಹುಣಸೆಹಣ್ಣು ಹಾಕಿ ಉಜ್ಜಬಾರದಾ? ಪೂಜೆಯ ದೀಪಕ್ಕೆ ಸರಿ, ಇದಕ್ಕೆ ಬೇಡ. ಹುಳಿ ಹಿತ್ತಾಳೆಯನ್ನು ತಿನ್ನುತ್ತದೆ, ಮೈ ಕೆಂಪಗೆ ತಿರುಗುತ್ತದೆ. ನಾನು ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ, ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೆಯುತ್ತೇನೆ. ಸಂದಿಯ ಕಿಲುಬನ್ನು ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯುತ್ತೇನೆ. ಬ್ರಾಸ್ಸೋ ಪಾಲಿಶ್ ಹಚ್ಚುವುದಿಲ್ಲ, ಅದು ಸಂದಿಯಲ್ಲಿ ಬಿಳಿ ಪುಡಿಯಾಗಿ ಕೂತುಬಿಡುತ್ತದೆ. ಅಧಿಕಾರಿಗಳ ಬಿಲ್ಲೆಗೆ ಚಿನ್ನದ ತೆಳು ಲೇಪ ಇರುವುದುಂಟು. ಉಜ್ಜಿದರೆ ಅದೂ ಹೋಗುತ್ತದೆ.

ಹಣೆಪಟ್ಟಿಯ ಎರಡು ತುದಿಯ ಹೂಬಿಲ್ಲೆಗಳದ್ದು ಬೇರೆ ತಾಪತ್ರಯ. ತೊಗಲಿನ ಕೊಬ್ಬಿಗೂ ಹಿತ್ತಾಳೆಯ ತಾಮ್ರಕ್ಕೂ ಆಗಿಬರುವುದಿಲ್ಲ. ಹಿಂದೆ ಹಸಿರು ಮೇಣ ಕಟ್ಟುತ್ತದೆ. ಅವನ್ನು ಬಿಚ್ಚಿ ಒರೆಸಿ, ತೊಗಲಿಂದ ಬೇರೆಯಾಗೇ ಇಡುತ್ತೇನೆ.

ಕೊನೆಗೆ ಪೂರ್ತಿ ಒಣಗಿಸಿ, ಮ್ಯೂಸಿಯಂನವರು ಬಳಸುವ ಮೇಣವನ್ನು ತೆಳ್ಳಗೆ ಸವರುತ್ತೇನೆ. ಕಡಿವಾಣಕ್ಕೆ ಮತ್ತೆ ಕೂರಿಸುವಾಗ ರಿವೆಟ್ ಹೊಡೆಯುವುದಿಲ್ಲ. ಹಿತ್ತಾಳೆ ತಂತಿ ತೂರಿಸಿ ಹಿಂದೆ ಮಡಚುತ್ತೇನೆ, ಬೇಕಾದಾಗ ಬಿಚ್ಚಬಹುದಲ್ವಾ? ತಳತಳ ಹೊಳೆಯಲ್ಲ ಅಂತ ಮನೆಯವರ ಆಕ್ಷೇಪ ಇದ್ದೇ ಇದೆ.

ಬೆಂಗಳೂರಿಗೆ 1896ರಲ್ಲಿ ಚರ್ಚಿಲ್ ಬಂದದ್ದು 4ನೇ ಹುಸಾರ್ಸ್ ಅನ್ನೋ ಅಶ್ವದಳದ ಜೊತೆ. ಆ ದಳದ ಜೋಡಿ ನನಗಿನ್ನೂ ಸಿಕ್ಕಿಲ್ಲ, ಹುಡುಕ್ತಾ ಇದ್ದೇನೆ.