ಹಳೆ ರೂಟರ್‌ನಲ್ಲೇ 100 ಎಂಬಿಪಿಎಸ್ ಫೈಬರ್ ಲಿಂಕ್: ನನ್ನ ಅನುಭವ

ಸಿಸ್ಕೋ 2921 ರೂಟರ್ ಮೇಲೆ 100 ಎಂಬಿಪಿಎಸ್ ಲೀಸ್ಡ್ ಲೈನ್ (ನಮಗೇ ಮೀಸಲಾದ ಬಾಡಿಗೆ ಸಂಪರ್ಕ) ಓಡೋದಿಲ್ಲ ಅಂದವರೇ ಹೆಚ್ಚು. ಸಿಸ್ಕೋ ಪಟ್ಟಿಯಲ್ಲಿ ಅದಕ್ಕೆ 50 ಎಂದಿರುವುದು ನಿಜ. ಆದರೆ ಅದು ಸರ್ವಿಸ್‌ಗಳನ್ನೆಲ್ಲ ಹೊರಿಸಿದಾಗಿನ ಲೆಕ್ಕ. ನಮ್ಮ ತುಮಕೂರು, ಹಾಸನ ಶಾಖೆಗಳಲ್ಲಿ ನ್ಯಾಟ್ (ಐಪಿ ವಿಳಾಸ ಬದಲಿಸುವ ಕೆಲಸ) ಇಲ್ಲ, ಫೈರ್‌ವಾಲ್ ಬೆಂಗಳೂರಿನಲ್ಲಿದೆ. ರೂಟರ್‌ಗೆ ದಾರಿ ಹುಡುಕುವ ಓಎಸ್‌ಪಿಎಫ್ ಮತ್ತು ವೇಗವನ್ನು ಮಿತಿಯೊಳಗೆ ಹಿಡಿಯುವ ಒಂದು ಶೇಪರ್ ಬಿಟ್ಟರೆ ಬೇರೆ ಕೆಲಸವಿಲ್ಲ. ಲೈನ್ ತುಂಬಿ ಓಡುವಾಗಲೂ ಸಿಪಿಯು ಶೇಕಡಾ 40ರ ಆಸುಪಾಸು. ವರ್ಷ ದಾಟಿತು, ಎರಡೂ ಗಟ್ಟಿಯಾಗಿ ನಿಂತಿವೆ.

2911 ಮಾದರಿ ಒಂದೆರಡು ಸಾವಿರ ಅಗ್ಗವಿತ್ತು, ಆದರೆ ಅದರಲ್ಲಿ ಎಸ್‌ಎಫ್‌ಪಿಗೆ (ಫೈಬರ್ ಸಿಕ್ಕಿಸುವ ಚಿಕ್ಕ ಮಾಡ್ಯೂಲ್) ಜಾಗವಿಲ್ಲ. ಫೈಬರನ್ನು ತಾಮ್ರದ ಕೇಬಲ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕಿದರೆ ಅದರ ಅಡಾಪ್ಟರೇ ಮೊದಲು ಸಾಯುತ್ತದೆ. 2921 ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹತ್ತು ಸಾವಿರದ ಆಚೀಚೆ ಸಿಕ್ಕಿತು. ಅದರ ಮೊದಲ ಪೋರ್ಟ್‌ಗೆ ‘ಮೀಡಿಯಾ-ಟೈಪ್ ಎಸ್‌ಎಫ್‌ಪಿ’ ಕಮಾಂಡ್ ಕೊಡುವುದನ್ನು ಮರೆಯಬೇಡಿ.

ಮುಖ್ಯ ಕಚೇರಿಗೆ ಸಿಸ್ಕೋ 4331 ರೂಟರ್ ತಂದೆವು, ಸುಮಾರು ಮೂವತ್ತು ಸಾವಿರ. ಎರಡು ಎಸ್‌ಎಫ್‌ಪಿ ಇರುವುದರಿಂದ ಎರಡೂ ಲೈನ್ ನೇರ ಕೂರುತ್ತವೆ. ಹಣ ಮುಳುಗುವುದು ಇಲ್ಲೇ. ಲೈಸೆನ್ಸ್ ಇಲ್ಲದ 4331 ದಾಟಿಸುವುದು 100 ಎಂಬಿಪಿಎಸ್, ಅದೂ ಎಲ್ಲ ಪೋರ್ಟ್‌ಗಳ, ಎರಡೂ ದಿಕ್ಕಿನ ಒಟ್ಟು ಮೊತ್ತ. ಪರ್ಫಾರ್ಮೆನ್ಸ್ ಲೈಸೆನ್ಸ್ ಇದ್ದರೆ 300. ಅಂಗಡಿಯಲ್ಲೇ ಕನ್ಸೋಲ್ ಕೇಬಲ್ ಹಾಕಿ ‘ಶೋ ಪ್ಲಾಟ್‌ಫಾರ್ಮ್ ಹಾರ್ಡ್‌ವೇರ್ ಥ್ರೂಪುಟ್ ಲೆವೆಲ್’ ನೋಡಿ. ನಮ್ಮ ಲೈನ್‌ಗಳು ಎರಡೂ ದಿಕ್ಕಿನಲ್ಲಿ ಒಟ್ಟಿಗೆ ತುಂಬುವುದಿಲ್ಲ, 300 ಸಾಕಾಯಿತು.

ಸೀರಿಯಲ್ ನಂಬರನ್ನೂ ಓದಿ. ಮೂರು ಅಕ್ಷರಗಳ ನಂತರದ ಎರಡು ಅಂಕಿಗೆ 1996 ಕೂಡಿಸಿದರೆ ತಯಾರಾದ ವರ್ಷ. 21 ಅಂದರೆ 2017. 4331ರಲ್ಲಿ 21ಕ್ಕಿಂತ ಕಡಿಮೆಯಿದ್ದರೆ ಮುಟ್ಟಬೇಡಿ. ಕ್ಲಾಕ್ ಸಿಗ್ನಲ್ ಬಿಡಿಭಾಗದ ದೋಷವನ್ನು 2017ರ ಫೆಬ್ರುವರಿಯಲ್ಲಿ ಸಿಸ್ಕೋ ತಾನೇ ಪ್ರಕಟಿಸಿತು. ಅದು ಕೈಕೊಟ್ಟರೆ ಪೆಟ್ಟಿಗೆ ಮತ್ತೆ ಬೂಟ್ ಆಗುವುದಿಲ್ಲ.

ತುಮಕೂರಿಗೆ ಎನ್‌ಕ್ರಿಪ್ಶನ್ ಬೇಕಿತ್ತು. 2921ರ ಸೆಕ್ಯುರಿಟಿ ಲೈಸೆನ್ಸ್ ಒಂದು ದಿಕ್ಕಿಗೆ 85 ಎಂಬಿಪಿಎಸ್‌ಗೇ ಕಟ್ಟಿಹಾಕುತ್ತದೆ, ಮೇಲೆ ಹೋಗಲು ಎಚ್‌ಸೆಕ್ ಎಂಬ ಇನ್ನೊಂದು ಲೈಸೆನ್ಸ್ ಬೇಕು. ಅದಕ್ಕೆ ದುಡ್ಡು ಸುರಿಯುವ ಬದಲು ಎರಡೂ ತುದಿಯಲ್ಲಿ ರೂಟರ್ ಹಿಂದೆ ಮೈಕ್ರೋಟಿಕ್ ಹೆಕ್ಸ್ ಎಸ್ ಎಂಬ ಚಿಕ್ಕ ರೂಟರ್ ಇಟ್ಟು ನೋಡಿದೆ. ಅದರ ಚಿಪ್‌ನಲ್ಲೇ ಐಪಿಸೆಕ್ (ಎನ್‌ಕ್ರಿಪ್ಶನ್ ವಿಧಾನ) ವೇಗವರ್ಧಕ ಇದೆ. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1400, ಎಂಎಸ್‌ಎಸ್ (ಅದರೊಳಗಿನ ಡೇಟಾದ ಗರಿಷ್ಠ ಗಾತ್ರ) 1360 ಬೈಟ್‌ಗೆ ಇಳಿಸಿದ ಮೇಲೆ 90 ದಾಟಿತು.

ಎಸ್‌ಎಫ್‌ಪಿ ವಿಷಯ. ಒಂದೇ ಎಳೆ ಫೈಬರ್ ಬಂದರೆ ಸರ್ವಿಸ್ ಕೊಡುವವರ ತುದಿಯ ತರಂಗಾಂತರ ಕೇಳಿಕೊಂಡೇ ಖರೀದಿಸಿ. ನಮ್ಮದು 1310/1490 (ಕಳಿಸುವ/ಪಡೆಯುವ ತರಂಗಾಂತರ, ನ್ಯಾನೋಮೀಟರ್‌ನಲ್ಲಿ), ಅವರದು 1550/1310 ಆದರೆ ನಮ್ಮ ಬೆಳಕು ಅವರಿಗೆ ಕಾಣುತ್ತದೆ, ಅವರದು ನಮಗೆ ಕಾಣುವುದಿಲ್ಲ. ಹಾಸನದಲ್ಲಿ ಪವರ್ ಮೀಟರ್ –27 ಡಿಬಿಎಂ (ಬೆಳಕಿನ ಬಲದ ಅಳತೆ, ಶೂನ್ಯದಿಂದ ಕೆಳಗೆ ಹೋದಷ್ಟೂ ಬೆಳಕು ಕಡಿಮೆ) ತೋರಿಸಿತು. ಕನೆಕ್ಟರ್ ಒರೆಸಿದ್ದಕ್ಕೇ –14ಕ್ಕೆ ಬಂತು. ‘ಹಳೆ ರೂಟರ್ ಕೆಟ್ಟಿದೆ’ ಅನ್ನುವ ಅರ್ಧ ದೂರುಗಳು ಇಂಥವೇ.

ಇನ್ನು ವೇಗ 60ಕ್ಕೇ ನಿಂತರೆ ರೂಟರ್ ಬಯ್ಯಬೇಡಿ. ಸರ್ವಿಸ್ ಕೊಡುವವರ ಕಡೆ ವೇಗದ ಮಿತಿ ಕಾಯುವ ಪೋಲೀಸರ್, ಮಿತಿ ಮೀರಿದ ಪ್ಯಾಕೆಟ್ಟನ್ನು ಕಾಯಿಸದೆ ಎಸೆಯುತ್ತದೆ, ಟಿಸಿಪಿ ವೇಗ ಕುಸಿಯುತ್ತದೆ. ನಾವೇ 95ಕ್ಕೆ ಶೇಪ್ ಮಾಡಿದೆವು, ಲೈನ್ ತುಂಬಿತು.

ನಕಲಿ ಬೋರ್ಡ್ ಹಿಡಿಯಲು ಎರಡು ಕಮಾಂಡ್‌ಗಳ ಔಟ್‌ಪುಟ್ ಹೋಲಿಸುವ ಉಪಾಯವಿದೆ. ಮಾರುವವರೂ ಓದುತ್ತಾರೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಹೆಕ್ಸ್ ಬಿಟ್ಟು, ಸ್ಪೇರ್ 2921 ಮತ್ತು ಎಸ್‌ಎಫ್‌ಪಿಗಳು ಸೇರಿ ಎಪ್ಪತ್ತು ಸಾವಿರದೊಳಗೆ ಮುಗಿಯಿತು. ಸ್ಪೇರ್‌ನ ಫ್ಲ್ಯಾಶ್‌ನಲ್ಲಿ ಎರಡೂ ಶಾಖೆಗಳ ಕಾನ್ಫಿಗ್ ಇಟ್ಟಿದ್ದೇವೆ. ಯಾವ ಕಡೆಯ ರೂಟರ್ ಕೆಟ್ಟರೂ ಆ ಫೈಲ್ ಲೋಡ್ ಮಾಡಿದರಾಯಿತು.