ಕ್ರಾಸಿಂಗ್ ಮಾಡುವವರನ್ನು ಜೀನ್ ಬಗ್ಗೆ ಕೇಳಿದಾಗ: ನನ್ನ ಅನುಭವ

ಓದಿದ್ದು ಮೈಕ್ರೋಬಯಾಲಜಿ, ಮಾಡೋದು ಊರೂರು ಸುತ್ತಿ ಜನರ ಮಾತು ಕೇಳುವ ಕೆಲಸ. ಜೀನ್ ಸಂಶೋಧನೆ ಮಾಡುವ ಲ್ಯಾಬಿನವರು ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ. ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಯಾವಾಗಲೂ ಒಂದೇ: ‘ಜೀನ್ ಬದಲಿಸಿದ ಬೆಳೆಯನ್ನು ಒಪ್ಪುತ್ತೀರಾ?’ ಮನೆ ಬಾಗಿಲಲ್ಲಿ ನಿಂತು ಇದನ್ನು ಕೇಳಿದರೆ ಒಳಗಿನಿಂದ ‘ನಮ್ಮನಿಯವರನ್ನ ಕೇಳ್ರಿ’ ಅಂತ ಉತ್ತರ ಬರುತ್ತದೆ. ಯಜಮಾನರು ಹೌದು ಅಥವಾ ಇಲ್ಲ ಅನ್ನುತ್ತಾರೆ, ಕಾಲಂ ತುಂಬುತ್ತದೆ, ಅಲ್ಲಿಗೆ ಮುಗೀತು. ಅದಕ್ಕೇ ರಾಣೆಬೆನ್ನೂರು ಕಡೆ ಹೋದಾಗ ಆ ಪ್ರಶ್ನೆಯನ್ನು ಕೊನೆಗೆ ತಳ್ಳಿದೆ.

ರಾಣೆಬೆನ್ನೂರೇ ಯಾಕೆ ಅಂದರೆ, ಹೈಬ್ರಿಡ್ ತರಕಾರಿ ಬೀಜ ತಯಾರಾಗುವ ಜಾಗ ಅದು. ಅಲ್ಲಿ ಹೂವಿಗೆ ಹೂವು ಕೂಡಿಸುವವರು ಬಹುಪಾಲು ಹೆಂಗಸರು. ಕ್ರಾಸಿಂಗ್ ಅಂತಾರೆ. ನಾಳೆ ಅರಳಬೇಕಾದ ಟೊಮೆಟೊ ಮೊಗ್ಗನ್ನು ಎಡಗೈ ಬೆರಳುಗಳ ನಡುವೆ ಹಿಡಿದು, ಚಿಮಟದಿಂದ ಒಳಗಿನ ಹಳದಿ ಕೊಳವೆಯನ್ನು, ಅಂದರೆ ಗಂಡುಭಾಗವನ್ನು ಮಾತ್ರ ಎಳೆದು ತೆಗೆಯಬೇಕು. ನಡುವಿನ ಸಣ್ಣ ಕಡ್ಡಿಗೆ ಏಟಾದರೆ ಕಾಯಿ ಇಲ್ಲ. ಮರುದಿನ ಬೆಳಿಗ್ಗೆ ಗಂಡು ಸಾಲಿನ, ಅಂದರೆ ಜೋಡಿಗೆ ಆರಿಸಿದ ಇನ್ನೊಂದು ತಳಿಯ, ಪುಡಿಯನ್ನು (ಪರಾಗ) ಆ ಕಡ್ಡಿಯ ತುದಿಗೆ ಮುಟ್ಟಿಸಿ, ಹೂವಿನ ಬುಡದ ಹಸಿರು ಎಸಳು ಒಂದೆರಡು ಕತ್ತರಿಸಿ ಗುರುತು ಮಾಡಬೇಕು. ಆ ಗುರುತಿರುವ ಹಣ್ಣು ಮಾತ್ರ ಬೀಜಕ್ಕೆ. ಬಗ್ಗಿದ ಕುತ್ತಿಗೆ ಎತ್ತೋ ಹಾಗಿಲ್ಲ. ಇಷ್ಟೆಲ್ಲ ಮಾಡುವವರಿಗೆ ‘ಈ ವಿಷಯ ಅರ್ಥವಾಗಲ್ಲ’ ಅಂತ ಊರಿಗೆ ಬರುವ ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾರಲ್ಲ, ಅಂಥವರಿಗೆ ಏನನ್ನೋಣ?

ಹೆಂಗಸರನ್ನು ಸಂಘದ ವಾರದ ಸಭೆಯಲ್ಲಿ ಹಿಡಿಯುತ್ತಿದ್ದೆ, ಕಂತು ಕಟ್ಟಿ ಪುಸ್ತಕ ಮುಚ್ಚಿದ ಮೇಲೆ. ಗಂಡಸರ ಜೊತೆ ಬೇರೆ ದಿನ ಮಾತು.

ಬೇಕಾದ ಕೆಲಸಕ್ಕೆ ತಕ್ಕಂತೆ ಜೀವಿಗಳ ಜೀನ್ ಕಟ್ಟುವ ವಿಜ್ಞಾನಕ್ಕೆ ಸಿಂಥೆಟಿಕ್ ಬಯಾಲಜಿ ಅಂತಾರೆ, ಆ ಹೆಸರು ಎತ್ತಲೇ ಇಲ್ಲ. 2010ರಲ್ಲಿ ಯುರೋಪಿಯನ್ ಒಕ್ಕೂಟ ನಡೆಸಿದ ಯುರೋಬ್ಯಾರೋಮೀಟರ್ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಯುರೋಪಿನವರಲ್ಲೇ 83% ಜನ ಆ ಹೆಸರು ಕೇಳಿರಲಿಲ್ಲ, ಇಲ್ಲಿ ಅದನ್ನು ಹಿಡಿದು ಕೂತು ಏನು ಮಾಡೋದು. ಸುಮ್ನೆ ಇನ್ಸುಲಿನ್ನಿನ ಖಾಲಿ ಬಾಟಲಿ ತೆಗೆದು ಮುಂದಿಟ್ಟೆ. ಮೊದಲು ಇದನ್ನು ಹಂದಿ, ದನಗಳಿಂದ ತೆಗೆಯುತ್ತಿದ್ದರು, 1982ರಲ್ಲಿ ಮನುಷ್ಯರ ಜೀನ್ ಸೇರಿಸಿದ ಬ್ಯಾಕ್ಟೀರಿಯಾದಿಂದ ಮಾಡಿದ್ದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಿಂದ ಮಾಡಿ ಮಾರುಕಟ್ಟೆಗೆ ತಂತು ಅಂದೆ. ಯಾರಿಗೂ ಗಾಬರಿಯಾಗಲಿಲ್ಲ. ‘ಔಷಧಕ್ಕಾದ್ರ ಆಗ್ಲಿ ಬಿಡ್ರಿ.’ ಒಬ್ಬ ಅಜ್ಜಿ ಮಾತ್ರ ‘ಫ್ರಿಜ್ ಇಲ್ಲದವರು ಎಲ್ಲಿಡಬೇಕ್ರಿ?’ ಅಂದರು. ಲ್ಯಾಬಿನ ಪಟ್ಟಿಯಲ್ಲಿ ಅದು ಎಲ್ಲೂ ಇರಲಿಲ್ಲ.

ಆಮೇಲೆ ಸಾಸಿವೆ. ದೆಹಲಿ ವಿಶ್ವವಿದ್ಯಾಲಯದವರು ಜೀನ್ ಬದಲಿಸಿ ಮಾಡಿದ ಡಿಎಂಎಚ್-11 ಅನ್ನೋ ಹೈಬ್ರಿಡ್ ಸಾಸಿವೆ ತಳಿಯಲ್ಲಿ ಬಾರ್ನೇಸ್ ಅನ್ನೋ ಜೀನ್ ಇದೆ, ಮಣ್ಣಿನ ಬ್ಯಾಕ್ಟೀರಿಯಾದಿಂದ ತಂದದ್ದು. ಅದು ಪರಾಗವನ್ನು ಸಾಕುವ ಪದರವನ್ನೇ ಕೊಲ್ಲುತ್ತದೆ, ಹೆಣ್ಣು ಸಾಲಿನಲ್ಲಿ ಗಂಡುಪುಡಿ ಹುಟ್ಟುವುದೇ ಇಲ್ಲ. ಗಂಡು ಸಾಲಿನಿಂದ ಬರುವ ಬಾರ್‌ಸ್ಟಾರ್ ಜೀನ್ ಅದನ್ನು ಅಡಗಿಸುತ್ತದೆ, ಹಾಗಾಗಿ ರೈತರ ಹೊಲದಲ್ಲಿ ಕಾಳು ಕಟ್ಟುತ್ತದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದಿಂದ ಒಪ್ಪಿಗೆ ಸಿಕ್ಕಿತು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ಒಪ್ಪಿಗೆ ಸರಿಯಿಲ್ಲ ಅಂದವರು ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ. ಕೋರ್ಟಿನ ಕಥೆ ಯಾರಿಗೂ ಬೇಕಿರಲಿಲ್ಲ. ‘ಗಂಡುಪುಡಿ ಇಲ್ಲದ ಗಿಡ’ ಅಂದದ್ದೇ ತಡ, ಒಬ್ಬಾಕೆ ನನ್ನನ್ನು ತಡೆದರು.

‘ಅಂದ್ರ ಮೊಗ್ಗು ಬಿಡಿಸೋ ಕೆಲಸ ಇಲ್ಲ. ಮೆಣಸಿನಕಾಯಿ ಪ್ಲಾಟಿನ್ಯಾಗ ಅಂಥಾ ಗಿಡ ಈಗಾಗ್ಲೇ ಅದಾವಲ್ರಿ. ಬರೀ ಪುಡಿ ಹಚ್ಚೋದು. ಅಲ್ಲಿ ಆಳು ಕಡಿಮಿ ಸಾಕು.’

ಮೆಣಸಿನಕಾಯಿಯದು ಹೊರಗಿನ ಜೀನ್ ಸೇರಿಸಿದ್ದಲ್ಲ, ತಾನಾಗಿ ಬಂದ ಗುಣವನ್ನು ತಳಿಯಲ್ಲಿ ಉಳಿಸಿಕೊಂಡದ್ದು ಅಂತ ವಿವರಿಸಿದೆ. ‘ಹ್ಯಾಂಗ್ ಬಂದ್ರ ಏನ್ರಿ? ಕೂಲಿ ಹೋಗೋದು ಹೋಗೇ ಹೋಗ್ತೈತಲ್ರಿ.’ ನಮ್ಮಲ್ಲಿ ಕಾನೂನು, ಚರ್ಚೆ, ಪ್ರತಿಭಟನೆ ಎಲ್ಲ ಜೀನ್ ಎಲ್ಲಿಂದ ಬಂತು ಅನ್ನೋದರ ಸುತ್ತ ನಡೆಯುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಜೀನೋಮ್ ಎಡಿಟಿಂಗ್‌ಗೆ, ಅಂದರೆ ಗಿಡದ ಸ್ವಂತ ಜೀನನ್ನೇ ಅಲ್ಲಲ್ಲಿ ತಿದ್ದುವುದಕ್ಕೆ, ಜಿಎಂ (ಜೀನ್ ಬದಲಿಸಿದ ಬೆಳೆಗಳ) ನಿಯಮಗಳಿಂದ ವಿನಾಯಿತಿ ಕೊಟ್ಟಿದ್ದೂ ಹೊರಗಿನ ಡಿಎನ್‌ಎ ಉಳಿದಿರಲ್ಲ ಅನ್ನೋ ಕಾರಣಕ್ಕೇ. ಈಕೆ ಕೇಳಿದ್ದು ಸೀದಾ ಕೂಲಿಯ ಮಾತು.

ಹಾಗಂತ ಎಲ್ಲರೂ ಒಂದೇ ಕಡೆ ನಿಲ್ಲಲಿಲ್ಲ. ಸ್ವಂತ ಪ್ಲಾಟ್ ಇಟ್ಟುಕೊಂಡ ಒಬ್ಬ ಅಕ್ಕ ‘ನನಗಂತೂ ನಾಳೆ ಬಂದ್ರ ಚಲೋ’ ಅಂದರು. ಸೀಸನ್ನಿನಲ್ಲಿ ಆಳು ಸಿಗಲ್ಲ, ಮುಂಗಡ ಕೊಟ್ಟರೂ ಬರಲ್ಲ, ಒಂದು ದಿನ ತಪ್ಪಿದರೆ ಅಷ್ಟೂ ಮೊಗ್ಗು ಅರಳಿ ಹಾಳು. ಆಕೆ ಮಾತಾಡುವಾಗ ಕೂಲಿಗೆ ಹೋಗುವವರು ನೆಲ ನೋಡುತ್ತಾ ಕೂತರು. ನಾಳೆ ಅವರದೇ ಪ್ಲಾಟಿಗೆ ಹೋಗಬೇಕಲ್ಲ! ಆವತ್ತಿಂದ ಹೊಲ ಇರುವವರನ್ನೂ ಕೂಲಿಯವರನ್ನೂ ಬೇರೆ ಬೇರೆ ಕೂರಿಸತೊಡಗಿದೆ. ಹತ್ತಿಯ ವಿಷಯದಲ್ಲೂ ಹಾಗೇ ಆಯಿತು. ಕಳೆನಾಶಕ ತಡೆದುಕೊಳ್ಳುವ ಹತ್ತಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಇಲ್ಲ, ಆದರೂ ಬೀಜ ಕದ್ದುಮುಚ್ಚಿ ಓಡಾಡುತ್ತದೆ. ಕಳೆ ತೆಗೆಯೋದು ಹೆಂಗಸರ ಕೂಲಿ. ಹೊಲದ ಒಡತಿಗೆ ಅದು ಖರ್ಚು.

ವರದಿ ಬರೆಯುವಾಗ ‘ಮಹಿಳೆಯರ ಅಭಿಪ್ರಾಯ’ ಅನ್ನೋ ಒಂದೇ ಕಾಲಂ ಅಳಿಸಿದೆ. ಹೊಲ ಯಾರ ಹೆಸರಲ್ಲಿದೆ, ಬೀಜ ಯಾರು ತರುತ್ತಾರೆ, ಕೆಲಸ ಯಾರದು, ದುಡ್ಡು ಯಾರ ಕೈಗೆ ಬರುತ್ತದೆ ಅಂತ ನಾಲ್ಕು ಮಾಡಿದೆ. ಹೆಂಗಸರಿಗೆ ಹೊಸ ತಂತ್ರಜ್ಞಾನ ಅಂದರೆ ಭಯ ಜಾಸ್ತಿ ಅನ್ನೋ ಮಾತನ್ನು ನಾನು ನಂಬುವುದಿಲ್ಲ. ನಾನು ಕಂಡಷ್ಟರಲ್ಲಿ ಅದು ಭಯ ಅಲ್ಲ, ಲೆಕ್ಕ. ವರದಿ ಓದಿದ ವಿಜ್ಞಾನಿಯೊಬ್ಬರು ‘ಇದು ಅರ್ಥಶಾಸ್ತ್ರ ಆಯ್ತಲ್ವಾ?’ ಅಂದರು. ಹೌದು ಸರ್, ಅವರು ಮಾತಾಡಿದ್ದೇ ಅದು ಅಂದೆ.

ಈಗ ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ: ಗಿಡದಲ್ಲಿ ಏನಾದರೂ ಬದಲಿಸಬಹುದು ಅಂತಾದರೆ ನೀವು ಏನು ಬದಲಿಸುತ್ತೀರಿ? ಹೆಚ್ಚಿನವರು ಎಲೆ ಮುಟುರು ರೋಗ ಹೋಗಲಿ ಅಂದರು. ಇಬ್ಬರು ಹೂವು ಸ್ವಲ್ಪ ತಡವಾಗಿ ಅರಳಲಿ, ಮಕ್ಕಳನ್ನು ಶಾಲೆಗೆ ಕಳಿಸಿ ಹೊಲಕ್ಕೆ ಬರಬಹುದು ಅಂದರು. ಎರಡನ್ನೂ ಲ್ಯಾಬಿಗೆ ಕಳಿಸಿದ್ದೇನೆ. ಮೊದಲನೆಯದರ ಬಗ್ಗೆ ಆಗಲೇ ಫೋನ್ ಬಂದಿದೆ.